ನೆಲದ ಮೇಲೆ ಕೂತು ಕೇಳಿದ ಮಾತು

ಸಿಂಡಿಲೆಯ ಪ್ಯಾಂಟಿನ ಗುಂಡಿ ಕಿತ್ತುಹೋಗಿತ್ತು. ಕರಿಯರ ಬಡಾವಣೆ ನ್ಯೂ ಬ್ರೈಟನ್ನಿನ ಎರಡು ಕೋಣೆಯ ಮನೆಯಲ್ಲಿ ಹೆಂಡತಿ ನೊಲುಂಡಿ ಅವನನ್ನು ನಿಲ್ಲಿಸಿಕೊಂಡೇ ಹೊಲಿದಳು. ಅವನು ಬೆಲ್ಟ್ ಕಟ್ಟಿದವನಲ್ಲ. ಹೆಗಲ ಮೇಲಿಂದ ಬರುವ ಪಟ್ಟಿಯನ್ನು ಗುಂಡಿಗೆ ಸಿಕ್ಕಿಸುತ್ತಿದ್ದ.

"ನೋಡ್ಕೊಂಡು ಚುಚ್ಚೇ, ಹೊಟ್ಟೆ ನಂದು."

"ಹೊಟ್ಟೆ ಕರಗಿಸಿದ್ರೆ ಗುಂಡಿ ಯಾಕೆ ಕಿತ್ಕೊಳ್ಳುತ್ತೆ? ಸುಮ್ನೆ ನಿಂತ್ಕೊ."

ಜೋಳದ ಗಂಜಿ ಕುಡಿದು ಟೈರ್ ಕಾರ್ಖಾನೆಗೆ ಹೋದ. ಕೆಲಸಗಾರರ ಪರ ಮಾತಾಡುತ್ತಾನೆಂದು ಪೊಲೀಸರು ಕಾರ್ಖಾನೆಯ ಬಾಗಿಲಲ್ಲೇ ಹಿಡಿದರು. ಬಿಳಿಯರ ಸರ್ಕಾರ, ಕೇಳುವವರಿಲ್ಲ. ಮುಂದಿನ ವಾರ ಹೆಣ ಕೊಟ್ಟರು. ತನ್ನ ಬೆಲ್ಟಿನಿಂದಲೇ ನೇಣು ಹಾಕಿಕೊಂಡ ಎಂದರು.

ಅದನ್ನು ಒಪ್ಪಿದರೆ ಸಿಂಡಿಲೆ ಹೆಂಡತಿ ಮಕ್ಕಳನ್ನು ಬಿಟ್ಟು ತಾನೇ ಹೊರಟವನಾಗುತ್ತಿದ್ದ. ಆ ಕಳಂಕ ಅವನ ಹೆಸರಿನಿಂದ ಹೋಗಬೇಕು. ನೊಲುಂಡಿಗೆ ಬೇಕಿದ್ದುದು ಅದೊಂದೇ.

ಅವಳು ಗೋಡೆಗೊರಗಿ, ನೆಲಕ್ಕೆ ಹಾಸಿದ ಸೂತಕದ ಹಾಸಿಗೆಯ ಮೇಲೆ ಕೂತಿದ್ದಾಗ ಬೇರೆ ದೇಶದ ರಾಯಭಾರ ಕಚೇರಿಯಿಂದ ಒಬ್ಬ ಬಂದ. ಉದ್ದನೆಯ ಬಿಳಿಯ. ಇವರ ಭಾಷೆ ತಕ್ಕಮಟ್ಟಿಗೆ ಬರುತ್ತಿತ್ತು. ಪೊಲೀಸರ ಕೈಯಲ್ಲಿ ಸತ್ತವರ ವಿಷಯ ತನ್ನ ದೇಶಕ್ಕೆ ಬರೆದು ಕಳಿಸುವುದು ಅವನ ಕೆಲಸ. ಸೂತಕದ ವಿಧವೆ ಏಳುವಂತಿಲ್ಲ, ದನಿ ಎತ್ತುವಂತಿಲ್ಲ. ಕುರ್ಚಿಯಲ್ಲಿ ಕೂತವನಿಗೆ ಏನೂ ಕೇಳಿಸಲಿಲ್ಲ.

"ಸ್ವಲ್ಪ ಜೋರಾಗಿ ಹೇಳಿ ತಾಯಿ."

"ಜೋರಾಗಿ ಹೇಳಿದ್ರೆ ಸತ್ತೋನಿಗೆ ಅವಮಾನ ಕಣಪ್ಪ. ನಿನ್ ಕಿವೀನೇ ಕೆಳಗಿಳಿಸು," ಎಂದಳು ನಾದಿನಿ ನೊಬಂಟು. "ಪ್ಯಾಂಟು ಕೊಳೆಯಾದ್ರೆ ಒಗ್ದು ಕೊಡ್ತೀವಿ."

ಅವನು ಬರಿ ನೆಲಕ್ಕಿಳಿದ. ಬಿಳಿಯನೊಬ್ಬ ತಮಗಿಂತ ತಗ್ಗಿನಲ್ಲಿ ಕೂತದ್ದನ್ನು ಆ ಓಣಿ ಯಾವತ್ತೂ ಕಂಡಿರಲಿಲ್ಲ. ಕಿಟಕಿಯಾಚೆ ಹೆಂಗಸರು ಬಾಯಿಗೆ ಹೊದ್ದ ಶಾಲು ಒತ್ತಿಕೊಂಡು ನೋಡಿದರು.

"ಅವನ ಹತ್ರ ಬೆಲ್ಟೇ ಇರ್ಲಿಲ್ಲ," ನೊಲುಂಡಿ ಪಿಸುಗುಟ್ಟಿದಳು. "ಗುರುತು ಹಿಡಿಯೋಕೆ ನನ್ನೇ ಕರೆದ್ರು. ಹೊದಿಕೆ ಸರಿಸಿ ನೋಡ್ದೆ. ಕುತ್ತಿಗೆ ಮೇಲೆ ಒಂದು ಗೀರಿಲ್ಲ. ಅಂಗಾಲು ಸುಟ್ಟಿತ್ತು."

ಬರೆದುಕೊಂಡು ಹೋದ. ಮತ್ತೆ ಸುದ್ದಿಯಿಲ್ಲ.

ಎಷ್ಟೋ ವರ್ಷದ ಮೇಲೆ ಕೊನೆಗೆ ಬಿಳಿಯರ ಸರ್ಕಾರ ಹೋಯಿತು. ಹೋಗುವ ಮೊದಲು, ಸಿಂಡಿಲೆಯನ್ನು ಇಟ್ಟಿದ್ದ ಠಾಣೆಯವರು ತಮ್ಮ ಕಾಗದಗಳನ್ನೆಲ್ಲ ಸುಟ್ಟಿದ್ದರು. ಅವನ ಸಾವಿನ ವಿಚಾರಣೆ ಮತ್ತೆ ತೆರೆದಾಗ ವಕೀಲೆಯೊಬ್ಬಳು ಆ ಹೊರದೇಶದಲ್ಲಿ ಕಾಪಿಟ್ಟಿದ್ದ ರಾಯಭಾರ ದಾಖಲೆಯನ್ನು ತರಿಸಿ ಕೋರ್ಟಿನಲ್ಲಿ ಓದಿದಳು. ಬೆಲ್ಟಿನ ಮಾತಿತ್ತು. ಅಂಗಾಲಿನ ಮಾತಿತ್ತು. 'ವಿಧವೆ ಬಹಳ ಮೆಲ್ಲಗೆ ಮಾತಾಡಿದಳು, ನೆಲದ ಮೇಲೆ ಕೂತು ಕೇಳಿದೆ' ಎಂದೂ ಇತ್ತು.

ನೊಲುಂಡಿ ಪಕ್ಕದಲ್ಲಿದ್ದ ನೊಬಂಟುವಿನ ಕಡೆ ತಿರುಗಿದಳು. ಪಕ್ಕದ ಮನೆಗೂ ಕೇಳದ ಮಾತು ಸಮುದ್ರ ದಾಟಿ, ಯಾವುದೋ ಚಳಿದೇಶದ ಕಪಾಟಿನಲ್ಲಿ ಇಷ್ಟು ವರ್ಷ ಬದುಕಿತ್ತೇ!

"ಅಲ್ವೇ, ಯಾರೂ ಬಿಸಾಕ್ಲೇ ಇಲ್ವಾ?"

"ನಿನ್ ಪಿಸುಮಾತಿಗೆ ನಿನ್ಗಿಂತ ಗಟ್ಟಿ ಆಯಸ್ಸು ಕಣೇ," ಎಂದಳು ಹಲ್ಲೆಲ್ಲ ಹೋಗಿದ್ದ ನೊಬಂಟು.

ಸಿಂಡಿಲೆ ತಾನಾಗಿ ಸತ್ತಿಲ್ಲ, ಪೊಲೀಸರು ಕೊಂದರು ಎಂದು ನ್ಯಾಯಾಧೀಶೆ ತೀರ್ಪು ಓದಿದಳು. ಹೋದವನೇನೂ ಬರಲಿಲ್ಲ.

ನೊಲುಂಡಿ ಬೆಳಿಗ್ಗೆ ಎದ್ದು ಅಂಗಳ ಗುಡಿಸುತ್ತಾಳೆ. ಗೇಟು ತೆರೆದು ರಸ್ತೆಯನ್ನೂ ಗುಡಿಸುತ್ತಾಳೆ, ಆಗೆಲ್ಲ ಮನೆ ಮೇಲೆ ಕಣ್ಣಿಡಲು ಪೊಲೀಸ್ ಗಾಡಿ ನಿಲ್ಲುತ್ತಿದ್ದ ಜಾಗದವರೆಗೂ. ಅಲ್ಲೀಗ ಪಕ್ಕದ ಮನೆ ಕೋಳಿಗಳು ಮಲಗಿರುತ್ತವೆ. ಅವನ್ನು ಎಬ್ಬಿಸಿಯೇ ಗುಡಿಸಬೇಕು.