ಡಾಕ್ಟರ ಕಣ್ಣಿಗೆ ಬಿದ್ದ ಹಡಗು
ನಮ್ಮ ಹಲ್ಲಿನ ಡಾಕ್ಟರಿಗೆ ಹಡಗಿನ ಚಿತ್ರವಿರುವ ಹಳೆಯ ರೋಮನ್ ಕಂಚಿನ ನಾಣ್ಯಗಳೆಂದರೆ ಪ್ರಾಣ. ಅಂಥದ್ದು ಇನ್ನೊಬ್ಬರ ಕೈಯಲ್ಲಿ ಕಂಡರೆ ಪ್ರಾಣಸಂಕಟ. ಭೂತಗನ್ನಡಿ ಹಿಡಿಯುವ ಮೊದಲೇ "ನಕಲಿ ಕಣ್ರೀ" ಎಂದುಬಿಡುತ್ತಾರೆ. ತಮ್ಮ ಹೆಂಡತಿಯ ಅಣ್ಣ ಅಂಥದ್ದೊಂದನ್ನು ಕೊಂಡಂದಿನಿಂದ "ನಮ್ಮ ಭಾವನ ಹಡಗು ತೇಲೋದಲ್ಲ ಬಿಡಿ" ಎಂಬುದೇ ಅವರ ಮಂತ್ರ. ಕುರ್ಚಿಯಲ್ಲಿ ಬಾಯಿ ತೆರೆದು ಕೂತವರು "ಆ" ಎಂದು ಒಪ್ಪಲೇಬೇಕು. ಮೊನ್ನೆ ಹಲ್ಲುನೋವಿಗೆಂದು ಹೋದವನು, ಅವರ ಹೊಟ್ಟೆ ಉರಿಸೋಣವೆಂದೇ, ನನ್ನದೊಂದು ಹಡಗಿನ ನಾಣ್ಯವನ್ನೂ ತೋರಿಸಿದೆ. "ಇದೂ ನಕಲಿ" ಎಂದರು. ಅದನ್ನು ಮರೆತು ಅಲ್ಲೇ ಬಿಟ್ಟು ಬಂದೆ. ಮರುದಿನ ಅವರೇ ಮನೆಗೆ ಬಂದು, ಹತ್ತಿಯಲ್ಲಿ ಸುತ್ತಿದ್ದನ್ನು ಕೈಗಿಟ್ಟು, "ನಿಮ್ಮ ನಕಲಿ ತಗೊಳ್ಳಿ" ಎಂದು ನನ್ನ ಮುಖ ನೋಡದೆ ಹೊರಟರು. ಬಿಚ್ಚಿ ನೋಡಿದೆ. ಹಲ್ಲಿನ ಪಾಚಿ ಕೆರೆಯುವ ಕೊಕ್ಕೆಯಲ್ಲಿ ಕಿಲುಬನ್ನೆಲ್ಲ ಬಿಡಿಸಿದ್ದರು. ನಾನೆಂದೂ ಕಾಣದಿದ್ದ ಹುಟ್ಟುಗಳು ಹಡಗಿನ ಬದಿಯಿಂದ ಸಾಲಾಗಿ ನೀರಿಗಿಳಿದಿದ್ದವು.