ಮೂರನೇ ಸಾಲಿನ ಟವೆಲ್

ಕಿಟಕಿಯಿಂದ ಟವೆಲ್ ಎಸೆದು ಬಸ್ಸಿನಲ್ಲಿ ಸೀಟು ಹಿಡಿಯುವುದು ನಮ್ಮ ಕಡೆ ಸಣ್ಣ ಕೂಸಿಗೂ ಗೊತ್ತಿರುವ ವಿದ್ಯೆ. ಟವೆಲ್ಲೋ, ಕರ್ಚೀಫೋ, ನೀರಿನ ಬಾಟಲಿಯೋ, ಏನಾದರೊಂದು ಬಿದ್ದರೆ ಮುಗಿಯಿತು, ಆ ಸೀಟು ಅವರದು. ಜಗಳ ಆಗುತ್ತದೆ, ಬೈಗುಳ ಹಾರಾಡುತ್ತವೆ, ಆದರೆ ಬಿದ್ದ ಟವೆಲ್ ಎತ್ತಿ ಬಿಸಾಕುವ ಧೈರ್ಯ ಯಾರೂ ಮಾಡುವುದಿಲ್ಲ. ಇದೇ ಮರ್ಯಾದೆ ನನ್ನ ಕುತ್ತಿಗೆಗೆ ಬಂತು.

ನನ್ನ ಊರು ಬೇವೂರು. ಕುಷ್ಟಗಿಯಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಅವ್ವ, ಅಣ್ಣ, ನಾನು, ಇಷ್ಟೇ ಮಂದಿ. ಕೆಲಸಕ್ಕೆ ಹೋಗುತ್ತೇನೆ ಎಂದಾಗ ಅಣ್ಣ ಎಷ್ಟೋ ದಿನ ಮುಖ ಊದಿಸಿಕೊಂಡಿದ್ದು, ಕಡೆಗೆ ಒಂದು ಷರತ್ತು ಹಾಕಿ ಒಪ್ಪಿದ. ನಿನ್ನ ಬಗ್ಗೆ ಮಂದಿ ಆಡಿಕೊಂಡಿದ್ದು ನನ್ನ ಕಿವಿಗೆ ಬಿದ್ದ ದಿನ ಕೆಲಸ ಬಂದ್, ಮರುದಿನದಿಂದ ಗಂಡು ಹುಡುಕುತ್ತೇನೆ ಎಂದ. ನಾನು ಹೂಂ ಎಂದೆ. ಆ ಕೆಲಸ ನನಗೆ ಅಷ್ಟು ಬೇಕಾಗಿತ್ತು. ಸೂಜಿ ಚುಚ್ಚಿದ್ದೇ ತಿಳಿಯಲಿಲ್ಲ ಮಗಳೇ ಎಂದು ಮುದುಕಿಯೊಬ್ಬಳು ಗಲ್ಲ ಸವರಿ ಹೋದರೆ ಆ ಇಡೀ ದಿನ ನಾನು ನೆಲದ ಮೇಲೆ ಇರುತ್ತಿರಲಿಲ್ಲ.

ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆದ ಮೇಲೆ ಸಂಜೆಯ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಕುಷ್ಟಗಿ ನಿಲ್ದಾಣದ ಚಹಾದಂಗಡಿಯಲ್ಲಿ ಕೆಲಸಕ್ಕಿದ್ದ ಒಬ್ಬನಿಗೆ ಮಾತ್ರ ಆ ತೊಂದರೆ ಇರಲಿಲ್ಲ. ಮೂವತ್ತು ದಾಟಿದ ಗಂಡಸು. ಬಸ್ಸು ಇನ್ನೂ ನಿಲ್ದಾಣದ ಹಿಂದೆ ಖಾಲಿ ನಿಂತಿರುವಾಗಲೇ ಡ್ರೈವರಿಗೆ, ಕಂಡಕ್ಟರಿಗೆ ಚಹಾ ಕೊಡಲು ಒಳಗೆ ಹತ್ತುತ್ತಿದ್ದ. ಒಂದು ಸಂಜೆ ಮೂರನೇ ಸಾಲಿನ ಕಿಟಕಿ ಪಕ್ಕ ಕೆಂಪು ಅಂಚಿನ ಬಿಳಿ ಟವೆಲ್ ಹಾಸಿ ಬಂದು ನನ್ನೆದುರು ನಿಂತ.

“ಮೇಡಂ, ನಿಮಗ ಸೀಟ ಹಿಡದೀನಿ. ಹೋಗಿ ಕುಂದರ್ರಿ.”

ದಿನವಿಡೀ ನಿಂತು ಕಾಲು ಸೆಳೆಯುತ್ತಿದ್ದವು. ಪುಣ್ಯಾತ್ಮ ಎಂದುಕೊಂಡು ಕುಳಿತೆ. ಮರುದಿನವೂ ಟವೆಲ್ ಇತ್ತು, ಅದರ ಮರುದಿನವೂ. ನಾನು ಕುಳಿತ ಕೂಡಲೇ ಅವನು ಕಿಟಕಿಯ ಕೆಳಗೆ ಬಂದು ಕೈ ಚಾಚುತ್ತಿದ್ದ, ನಾನು ಟವೆಲ್ ಕೊಡಬೇಕು. ಬಸ್ಸು ಹೊರಡುವ ತನಕ ಅಲ್ಲೇ ನಿಂತು ನೋಡುತ್ತಿದ್ದ. ಮಾತಿಲ್ಲ, ನಗೆಯಿಲ್ಲ. ಏನಾದರೂ ಕೇಳಿದ್ದರೆ, ಒಂದು ಹಾಡಾದರೂ ಗುನುಗಿದ್ದರೆ ಅವನ ಚಳಿ ಬಿಡಿಸುತ್ತಿದ್ದೆ. ಸೀಟು ಹಿಡಿದವನನ್ನು ಏನೆಂದು ಬೈಯುವುದು?

ಒಂದು ದಿನ ಟವೆಲ್ ಇಸಿದುಕೊಂಡವನೇ ಅದನ್ನು ಮುಖಕ್ಕೆ ಒತ್ತಿಕೊಂಡು ಕಣ್ಣು ಮುಚ್ಚಿದ. ಆವತ್ತಿನಿಂದ ನಾನು ಕುಳಿತುಕೊಳ್ಳುವುದನ್ನು ಬಿಟ್ಟೆ. ನಿಮ್ಮ ಸೀಟು ನನಗೆ ಬೇಡ ಎಂದು ಅವನ ಮುಖಕ್ಕೇ ಹೇಳಿದೆ. ಅವನು ತಲೆಯಾಡಿಸಿ ಗ್ಲಾಸುಗಳನ್ನು ಎತ್ತಿಕೊಂಡು ಹೋದ. ಮರುದಿನ ಸಂಜೆ ಬಸ್ಸು ಹತ್ತಿದರೆ ಟವೆಲ್ ಅಲ್ಲೇ ಇತ್ತು.

ಬಸ್ಸಿನ ತುಂಬ ಜನ ಒಬ್ಬರ ಮೇಲೊಬ್ಬರು ನಿಂತಿದ್ದಾರೆ, ಆ ಒಂದು ಸೀಟು ಖಾಲಿ. ಬುಟ್ಟಿ ಹೊತ್ತ ಮುದುಕಿಯೊಬ್ಬಳು ಉಸ್ಸೆಂದು ಕುಳಿತಳು. ಅವನು ಕಿಟಕಿಯ ಕೆಳಗೆ ಬಂದು ಅವಳನ್ನೇ ನೋಡುತ್ತ ನಿಂತ. ಅವಳು ಸ್ವಲ್ಪ ಹೊತ್ತು ಅತ್ತಿತ್ತ ಮಿಸುಕಾಡಿ, ಬುಟ್ಟಿ ಎತ್ತಿಕೊಂಡು ಎದ್ದೇಬಿಟ್ಟಳು. ಅದು ಆ ಮೇಡಂ ಸೀಟು ಎಂದು ಯಾರೋ ಅವಳಿಗೆ ಹೇಳಿದ್ದು ಕೇಳಿಸಿತು. ಮದುವೆ ಊಟ ಯಾವಾಗ ಹಾಕಿಸುತ್ತೀ ಎಂದು ಹಿಂದಿನಿಂದ ಹೆಂಗಸೊಬ್ಬಳು ನನ್ನ ಬೆನ್ನು ತಿವಿದಳು.

ಅಂಗಡಿಯ ಮಾಲೀಕರಿಗೆ ದೂರು ಕೊಟ್ಟೆ. ಅವರು ಗಲ್ಲಾದ ಹಿಂದಿನಿಂದ ನನ್ನನ್ನು ಅಕ್ಕರೆಯಿಂದ ನೋಡಿ, ಆತ ಬೀಡಿ ಸೇದುವವನೂ ಅಲ್ಲ, ಕುಡಿಯುವವನೂ ಅಲ್ಲ, ಬೇಕಾದರೆ ನಿಮ್ಮ ಮನೆಯಲ್ಲಿ ನಾನೇ ಮಾತಾಡುತ್ತೇನೆ ಎಂದರು. ಇವರಿಗೆಲ್ಲ ನಾನು ಯಾವ ಭಾಷೆಯಲ್ಲಿ ಹೇಳಬೇಕಿತ್ತೋ! ಬಸ್ಸಿನ ಸಹವಾಸವೇ ಬೇಡವೆಂದು ಟಂಟಂ ಆಟೋ ಹತ್ತಲು ಹೋದೆ. ಡ್ರೈವರ್ ಮುಂದಿನ ಸೀಟು ತೋರಿಸಿದ. ಅದರ ಮೇಲೆ ಕೆಂಪು ಅಂಚಿನ ಟವೆಲ್ ಮಡಚಿಟ್ಟಿತ್ತು.

ಅಲ್ಲಿಯವರೆಗೂ ಇದು ಕುಷ್ಟಗಿಯ ಪಾಡಾಗಿತ್ತು. ಬೇವೂರಿಗೆ ಬಂದು ಇಳಿದರೆ ನನ್ನ ಉಸಿರು ನನ್ನದಾಗುತ್ತಿತ್ತು. ಒಂದು ಬೆಳಿಗ್ಗೆ ನಮ್ಮೂರ ನಿಲ್ದಾಣಕ್ಕೆ ಬಂದ ಬಸ್ಸಿನ ಮೂರನೇ ಸಾಲಿನಲ್ಲೂ ಟವೆಲ್ ಕಂಡಿತು. ಯಾರ ಕೈಯಲ್ಲಿ ಕೊಟ್ಟು ಕಳಿಸಿದ್ದನೋ. ಕಂಡಕ್ಟರ್ ಬಾಗಿಲಲ್ಲೇ ನಿಂತು, ಬನ್ನಿ ಮೇಡಂ, ನಿಮ್ಮ ಸೀಟು ಬಂದಿದೆ ಎಂದು ಕೂಗಿದ. ನಿಲ್ದಾಣದಲ್ಲಿದ್ದ ನಮ್ಮ ಓಣಿಯವರೆಲ್ಲ ನನ್ನ ಕಡೆ ತಿರುಗಿದರು.

ಸಂಜೆ ಮನೆಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ಬಂದು ಕುಳಿತಿತ್ತು. ನಾನು ಎಲ್ಲವನ್ನೂ ಹೇಳಿದೆ. ಅಣ್ಣ ಕಣ್ಣು ಕೆಂಪಗೆ ಮಾಡಿಕೊಂಡು, ನಾಳೆ ಅವನ ಹಲ್ಲು ಉದುರಿಸಿ ಬರುತ್ತೇನೆ ಎಂದ. ನನಗೆ ಸಮಾಧಾನವೂ ಆಯಿತು, ಹೊಡೆದಾಟವಾದರೆ ಕೆಲಸ ಹೋದ ಹಾಗೆಯೇ ಎಂಬ ಅಂಜಿಕೆಯೂ ಆಯಿತು. ಮರುದಿನ ಲ್ಯಾಬಿನಲ್ಲಿ ನನ್ನ ಸೂಜಿಗೆ ನರವೇ ಸಿಗಲಿಲ್ಲ. ರೋಗಿಯ ಕ್ಷಮೆ ಕೇಳಿ ಇನ್ನೊಬ್ಬರನ್ನು ಕರೆದೆ.

ಸಂಜೆ ಬಸ್ಸು ಹತ್ತಿದೆ. ಮೂರನೇ ಸಾಲಿನ ಕಿಟಕಿ ಪಕ್ಕ ಅಣ್ಣ ಕುಳಿತಿದ್ದ. ತೊಡೆಯ ಮೇಲೆ ಟವೆಲ್, ಕೈಯಲ್ಲಿ ಚಹಾ. ಕಿಟಕಿಯ ಕೆಳಗೆ ಅವನು, ಖಾಲಿ ಗ್ಲಾಸಿಗೆ ಕಾಯುತ್ತ ನಿಂತಿದ್ದ.

“ಬಾ, ಕುಂದರ,” ಅಣ್ಣ ಎದ್ದು ಜಾಗ ಬಿಟ್ಟ. “ಭಾಳ ಛಲೋ ಮನಶ್ಯಾ ಅದಾನ. ಸುಮ್ನ ಅಂಜಿದಿ ನೀ.”

ನಾನು ಕಂಬಿ ಹಿಡಿದು ನಿಂತೇ ಬಂದೆ. ಅಣ್ಣ ಟವೆಲ್ ಹಿಂದಿರುಗಿಸಿರಲಿಲ್ಲ. ಮನೆಗೆ ಬಂದವನೇ ಬಾಗಿಲ ಪಕ್ಕದ ಗೂಟಕ್ಕೆ ಅದನ್ನು ನೇತು ಹಾಕಿದ. ಮೊದಲು ಅಪ್ಪನ ಟವೆಲ್ ಇರುತ್ತಿದ್ದ ಗೂಟ ಅದು. ರವಿವಾರ ಅವನು ಟವೆಲ್ ತೆಗೆದುಕೊಂಡು ಹೋಗಲು ಬರುತ್ತಾನೆ, ಮದುವೆ ಮಾತು ಮುಗಿಸಿಬಿಡೋಣ, ಇನ್ನು ಲ್ಯಾಬು ಗೀಬು ಯಾಕೆ ಎಂದ. ಅವ್ವ ಗೂಟದ ಕಡೆ ಒಮ್ಮೆ ನೋಡಿ ಒಳಗೆ ಹೋದಳು. ರವಿವಾರದ ತನಕ ನಾನು ಆ ಬಾಗಿಲು ದಾಟುವಾಗಲೆಲ್ಲ ಮೈ ಹಿಡಿಮಾಡಿಕೊಂಡು ದಾಟಿದೆ. ಒಳಗೆ ಯಾರೋ ಕುಳಿತುಬಿಟ್ಟಿದ್ದಾರೆ ಎನಿಸುತ್ತಿತ್ತು.

ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಅಣ್ಣ ಚಹಾ ತಾ ಎಂದು ನನ್ನನ್ನು ಕೂಗಿದ. ನಾನು ಗೂಟದ ಮೇಲಿನ ಟವೆಲ್ ಎಳೆದುಕೊಂಡು, ಬಕೆಟ್ಟಿನ ನೀರಿನಲ್ಲಿ ಅದ್ದಿ, ಪಡಸಾಲೆಯ ನೆಲವನ್ನು ಒಂದು ತುದಿಯಿಂದ ಅವನ ಕಾಲಿನವರೆಗೆ ಒರೆಸಿದೆ. ಆಮೇಲೆ ಅದನ್ನು ಅವನ ಮುಂದಿಟ್ಟೆ.

“ತಗೋರಿ ನಿಮ್ದು. ಇದು ಮನಿ ಐತಿ, ಬಸ್ಸಲ್ಲ.”

ಅಣ್ಣ ನನ್ನ ಮೇಲೆ ಕೈ ಎತ್ತಿದ. ಅವ್ವ ನಡುವೆ ಬಂದು ನಿಂತಳು. ಎಷ್ಟೋ ದಿನದಿಂದ ಬಾಯಿ ಬಿಡದವಳು ಅಂದು ಒಂದೇ ಮಾತು ಹೇಳಿದಳು.

“ಆಕಿ ನಾಳೆ ಕೆಲಸಕ್ಕ ಹೋಗ್ತಾಳ.”

ಚಹಾದವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರಾಗುತ್ತಿತ್ತು. ಕೆಸರು ನೀರು ಸೋರುತ್ತಿದ್ದ ಟವೆಲ್ಲನ್ನು ನಿಧಾನವಾಗಿ ಹಿಂಡಿ, ಮಡಚಿ, ಇಸ್ತ್ರಿ ಅಂಗಿಯ ಹೆಗಲ ಮೇಲೆ ಹಾಕಿಕೊಂಡು ಅವ್ವನಿಗೆ ಕೈ ಮುಗಿದು ಹೋದ.

ಸೋಮವಾರ ಸಂಜೆ ಚಹಾದಂಗಡಿಯಲ್ಲಿ ಅವನು ಗ್ಲಾಸು ತೊಳೆಯುತ್ತಿದ್ದ, ತಲೆ ಎತ್ತಲಿಲ್ಲ. ಗೆದ್ದೆ ಎಂದುಕೊಂಡು ಬಸ್ಸು ಹತ್ತಿದೆ. ಹೆಂಗಸರು, ಮಕ್ಕಳು, ಚೀಲಗಳು, ನಿಲ್ಲಲೂ ಜಾಗವಿರಲಿಲ್ಲ. ಮೂರನೇ ಸಾಲಿನ ಕಿಟಕಿ ಪಕ್ಕ ಟವೆಲ್ ಇರಲಿಲ್ಲ, ಏನೂ ಇರಲಿಲ್ಲ. ಆದರೂ ಅಲ್ಲಿ ಯಾರೂ ಕುಳಿತಿರಲಿಲ್ಲ. ನನ್ನನ್ನು ಕಂಡು ಎಲ್ಲರೂ ಆ ಸೀಟಿಗೆ ದಾರಿ ಬಿಟ್ಟರು. ನಾನು ಈಗಲೂ ದಿನಾ ಕೆಲಸಕ್ಕೆ ಹೋಗುತ್ತೇನೆ, ನಿಂತೇ ಹೋಗಿ ನಿಂತೇ ಬರುತ್ತೇನೆ.