ಓ ಅನ್ನುವಷ್ಟು ಉಸಿರು

ನಮ್ಮ ಕಡೆ ಯಾರೂ ಈಜುವುದಿಲ್ಲ, ಈಸ ಬೀಳುತ್ತಾರೆ. "ಬಾವ್ಯಾಗ ಈಸ ಬೀಳಾಕ ಹೋಗ್ಯಾನ" ಎಂದರೆ ಈಜಲು ಹೋಗಿದ್ದಾನೆ ಎಂದೇ ಅರ್ಥ. ಬೀಳುವುದು ಮೊದಲು, ಉಳಿದದ್ದು ಆಮೇಲೆ. ನಲವತ್ತಾರನೆಯ ವಯಸ್ಸಿನಲ್ಲಿ, ಕೊಪ್ಪಳದ ಈಜುಕೊಳವೊಂದರ ಫಾರ್ಮಿನಲ್ಲಿ 'ಈಜು ಬರುತ್ತದೆಯೇ?' ಎಂಬ ಪ್ರಶ್ನೆಯ ಮುಂದೆ ನಾನು ಧೈರ್ಯವಾಗಿ 'ಹೌದು' ಎಂದು ಬರೆದೆ. ನನಗೆ ಬರುತ್ತಿದ್ದುದು ಬೀಳುವುದು ಮಾತ್ರ ಎಂದು ತಿಳಿಯಲು ಒಂದೇ ದಿನ ಸಾಕಾಯಿತು.

ಅಳವಂಡಿ ಹತ್ತಿರ ನಮ್ಮ ಹೊಲದಲ್ಲಿ ಒಂದು ದುಂಡನೆಯ ಕಲ್ಲುಬಾವಿ ಇತ್ತು. ಅಪ್ಪ ನನ್ನ ಸೊಂಟಕ್ಕೆ ಹಗ್ಗ ಕಟ್ಟಿ, ಬೆನ್ನಿಗೆ ಒಣಗಿದ ಸೋರೆಬುರುಡೆ ಬಿಗಿದು ನೀರಿಗಿಳಿಸಿದಾಗ ನನಗೆ ಏಳೋ ಎಂಟೋ ವರ್ಷ. ನಾನು ಒಬ್ಬಳೇ ಮಗಳು. ಸ್ವಲ್ಪ ದಿನಕ್ಕೆ ಬುರುಡೆ ಬಿಚ್ಚಿದ, ಹಗ್ಗವನ್ನೂ ಬಿಚ್ಚಿದ. ಅದರ ಬದಲು ಒಂದು ಕರಾರು ಹಾಕಿದ. ತಾನು ಪಕ್ಕದಲ್ಲಿ ಕಳೆ ಕೀಳುತ್ತಾ ಆಗಾಗ "ಯವ್ವಾ!" ಎಂದು ಕರೆಯುವುದು, ನಾನು ಬಾವಿಯೊಳಗಿಂದ "ಓ!" ಎನ್ನುವುದು. ಓ ಎನ್ನಲು ಬಾಯಿ ನೀರಿನ ಮೇಲಿರಬೇಕು, ಬಾಯಿ ಮೇಲಿರಬೇಕಾದರೆ ತಲೆ ಮೇಲಿರಬೇಕು. ಹೀಗಾಗಿ ನಾನು ಕಲಿತ ಈಜೆಲ್ಲ ಕತ್ತು ಎತ್ತಿಕೊಂಡು, ಗೋಡೆಯ ಪಕ್ಕದಲ್ಲಿ ಸುತ್ತು ಹಾಕುವ ಈಜು.

ಒಂದು ಮಧ್ಯಾಹ್ನ ನನಗೆ ಕಿಡಿಗೇಡಿತನ ಹತ್ತಿತು. ಅಪ್ಪ ಕರೆದಾಗ ಓ ಎನ್ನದೆ, ನೀರೊಳಗಿನ ಮೆಟ್ಟಿಲುಕಲ್ಲು ಹಿಡಿದು ಮುಳುಗಿ ಕೂತೆ. ಎರಡನೆಯ ಸಲ ಕರೆದ. ಮೂರನೆಯದು ಕರೆದನೋ ಇಲ್ಲವೋ, ದೊಡ್ಡದೊಂದು ಸದ್ದಾಗಿ ಬಾವಿಯೇ ಅಲುಗಿದಂತಾಯಿತು. ಧೋತರ, ರುಮಾಲಿನ ಸಮೇತ ಹಾರಿದ್ದ. ಹಾರುವಾಗ ಮೆಟ್ಟಿಲಿಗೆ ಮೊಣಕಾಲ ಕೆಳಗಿನ ಎಲುಬು ಬಡಿದು ನೀರೆಲ್ಲ ಕೆಂಪಾಗಿತ್ತು. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆಯಲಿಲ್ಲ. "ಓ ಅನ್ನಾಕ ಏನಾಗಿತ್ತು ನಿನಗ?" ಎಂದಷ್ಟೇ ಕೇಳಿದ. ಮುಂದೆ ಒಂದು ತಿಂಗಳು ಕುಂಟಿದ. ಆ ಬಾವಿಯಲ್ಲಿ ನಾನು ಮತ್ತೆಂದೂ ನೀರೊಳಗೆ ಮುಖ ಇಡಲಿಲ್ಲ.

ದೊಡ್ಡವಳಾದ ವರ್ಷ ಅವ್ವ ನಾನು ಬಾವಿಗಿಳಿಯುವುದನ್ನು ಬಂದ್ ಮಾಡಿಸಿದಳು. ಆಮೇಲೆ ಓದು, ನೌಕರಿ, ವರ್ಗಾವಣೆ. ಕುಷ್ಟಗಿಯಲ್ಲಿ ಒಂಬತ್ತು ವರ್ಷ, ಯಲಬುರ್ಗಾದಲ್ಲಿ ಆರು, ಈಗ ಕೊಪ್ಪಳದ ಒಂದು ಸರ್ಕಾರಿ ಕಚೇರಿಯಲ್ಲಿ ಕಿಟಕಿ ಪಕ್ಕದ ಮೇಜು. ಮದುವೆ ಆಗಲಿಲ್ಲ. ಯಾಕೆ ಎಂದು ಕೇಳುವವರಿಗೆ ನಾನು ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ, ಎಲ್ಲವನ್ನೂ ಅವರು ನಂಬಿದ್ದಾರೆ. ಅವ್ವ ಹೋಗಿ ಬಹಳ ವರ್ಷವಾಯಿತು, ಅಪ್ಪ ಹೋಗಿ ಆರು ವರ್ಷ. ಅಂದಿನಿಂದ ನಾನು ಎಲ್ಲರಿಗೂ ಮೇಡಂ. ಮೇಡಂ ಎಂದು ಕರೆದರೆ ಯಾರೂ ಓ ಎನ್ನುವುದಿಲ್ಲ, 'ಏನ್ರಿ' ಎನ್ನುತ್ತಾರೆ.

ಬೆನ್ನುನೋವಿಗೆ ಡಾಕ್ಟರು ನಡೆಯಿರಿ, ಇಲ್ಲವೇ ಈಜಿ ಎಂದರು. ನಡೆದರೆ ದಾರಿಯಲ್ಲಿ ಯಾರಾದರೂ ಸಿಕ್ಕು ಮಾತಾಡಿಸುತ್ತಾರೆ, ಒಬ್ಬರೇ ಹೊಂಟೀರಲ್ಲ ಎನ್ನುತ್ತಾರೆ. ಅದಕ್ಕೇ ಈಜು ಆರಿಸಿಕೊಂಡೆ. ಈಜುಕೊಳದಲ್ಲಿ ಬೆಳಿಗ್ಗೆ ಎಂಟರಿಂದ ಮುಕ್ಕಾಲು ಗಂಟೆ ಲೇಡೀಸ್ ಟೈಮ್. ಕಲಿಸುವ ಮಾಸ್ತರರು ನನಗಿಂತ ಹತ್ತು ವರ್ಷ ದೊಡ್ಡವರು, ಗಂಗಾವತಿ ಕಡೆಯವರು, ಹೊಟ್ಟೆ ಮುಂದೆ, ವಿಸಿಲ್ಲು ಹೊಟ್ಟೆಯ ಮೇಲೆ. ಲೇಡೀಸ್ ಟೈಮಿನಲ್ಲಿ ಅವರು ಕೆಂಪು ಪ್ಲಾಸ್ಟಿಕ್ ಕುರ್ಚಿಯನ್ನು ಗೇಟಿನ ಕಡೆ ತಿರುಗಿಸಿ, ನೀರಿಗೆ ಬೆನ್ನು ಮಾಡಿ ಕೂರುತ್ತಿದ್ದರು. ಒಳಗೆ ಗಂಡಸರು ಬಾರದಂತೆ ಕಾವಲೂ ಆಯಿತು, ಮರ್ಯಾದೆಯೂ ಆಯಿತು.

"ನೋಡದ ಹೆಂಗ ಕಲಸ್ತೀರಿ?" ಎಂದು ಮೊದಲ ದಿನ ಕೇಳಿದೆ.

"ಸಪ್ಪಳ ಕೇಳಿದ್ರ ಸಾಕ್ರಿ. ಎಲ್ಲಾ ತಿಳೀತೈತಿ."

ಇದು ಬರೀ ಬಡಾಯಿ ಎಂದುಕೊಂಡು ನೀರಿಗಿಳಿದೆ. ಅರ್ಧ ದಾರಿಯಲ್ಲಿ ಬೆನ್ನಿನ ಆ ಕಡೆಯಿಂದ ಮಾತು ಬಂತು. "ನೀವು ಬಾವ್ಯಾಗ ಕಲತವ್ರೇನ್ರಿ, ಮೇಡಂ?"

"ಹೆಂಗ ಗೊತ್ತಾತ್ರಿ?"

"ಸಪ್ಪಳ ಸುತ್ತು ಹಾಕ್ಕೊಂತ ಹೊಂಟೈತಲ್ರಿ."

ನಿಜ. ನೇರ ಹೋಗುತ್ತಿದ್ದೇನೆ ಎಂದುಕೊಂಡಿದ್ದ ನಾನು ಲೈನು ಬೇರ್ಪಡಿಸುವ ಪಕ್ಕದ ಹಗ್ಗಕ್ಕೆ ತಲೆ ತಾಗಿಸಿಕೊಂಡಿದ್ದೆ. "ನಾವು ಕಾಲುವ್ಯಾಗ ಬಿದ್ದವ್ರು," ಎಂದರು ಮಾಸ್ತರರು. "ಕಾಲುವಿ ನೆಟ್ಟಗ, ನಾವೂ ನೆಟ್ಟಗ." ನಾನು ಬಿಡುತ್ತೇನೆಯೇ? "ಕಾಲುವ್ಯಾಗ ನೀರೇ ಒಯ್ತೈತಿ ಬಿಡ್ರಿ. ನೀವು ಸುಮ್ನ ಹೋಗಿರ್ತೀರಿ" ಎಂದೆ. ಕುರ್ಚಿ ಅಲುಗಿ ನಕ್ಕಿದ್ದು ಕಂಡಿತು.

ಆ ಬೆನ್ನಿನಿಂದ ನಾನು ಬಹಳ ಕಲಿತೆ. ನೀರನ್ನು ಬಡಿಯಬಾರದು, ಹಿಡಿದು ಹಿಂದಕ್ಕೆ ದಾಟಿಸಬೇಕು. "ರಾಶಿಯೊಳಗ ಜ್ವಾಳ ಬಾಚ್ತೀವಲ್ರಿ, ಹಂಗ" ಎಂದಾಗ ಕೈಗೆ ಅದು ಕೂಡಲೇ ಅರ್ಥವಾಯಿತು. ಕಾಲು ಮೊಣಕಾಲಿನಿಂದಲ್ಲ, ಸೊಂಟದಿಂದ ಆಡಬೇಕು. ಒಂದು ಕೈ ಮುಂದೆ ಹೋಗಿ ಚಾಚಿಕೊಳ್ಳುವವರೆಗೆ ಇನ್ನೊಂದು ಅವಸರ ಮಾಡಬಾರದು. ಮೊದಲು ಕೊಳದ ಒಂದು ಉದ್ದಕ್ಕೆ ನಲವತ್ತು ಸಲ ಕೈ ಬೀಸುತ್ತಿದ್ದವಳು ಮೂವತ್ತಕ್ಕೆ ಇಳಿದೆ. ನಾನು "ಹೊಂಟೆ" ಎಂದಾಗ ಅವರು ಸ್ಟಾಪ್‌ವಾಚ್ ಒತ್ತುವರು, ಆ ತುದಿಯ ಗೋಡೆಗೆ ನನ್ನ ಅಂಗೈ ಪಟ್ ಎಂದಾಗ ನಿಲ್ಲಿಸುವರು. ಐವತ್ತೆರಡು ಸೆಕೆಂಡು ನಲವತ್ತೇಳಾಯಿತು. ನವೆಂಬರಿನಲ್ಲಿ ಒಂದು ದಿನ ನಲವತ್ತೊಂದಾಯಿತು.

ಆ ಸಂಜೆ ಕಚೇರಿಯಿಂದ ಬರುವಾಗ, ಇದನ್ನು ಯಾರಿಗೆ ಹೇಳುವುದು ಎಂದು ಯೋಚಿಸಿದೆ. ಫೋನಿನಲ್ಲಿದ್ದ ಹೆಸರುಗಳನ್ನೆಲ್ಲ ಮೇಲಿಂದ ಕೆಳಗೆ ನೋಡಿದೆ. ಗ್ಯಾಸಿನವನು, ಕರೆಂಟಿನವನು, ಕಚೇರಿಯವರು. ಕೊನೆಗೆ ದಿನವೂ ರೊಟ್ಟಿ ಕೊಳ್ಳುವ ಅಂಗಡಿಯ ಹೆಂಗಸಿನ ಮುಂದೆ ನಿಂತು, ತಡೆಯಲಾರದೆ, "ಇವತ್ತ ನಲವತ್ತೊಂದು ಆತ್ರಿ" ಎಂದುಬಿಟ್ಟೆ.

ಅವಳು ಗಾಬರಿಯಾದಳು. "ಅಯ್ಯ, ನಲವತ್ತೊಂದು ರೊಟ್ಟಿ ಈಗಿಂದೀಗ ಎಲ್ಲಿಂದ ತರ್ಲ್ರಿ ಮೇಡಂ? ನಿನ್ನೆನ ಹೇಳಬೇಕಿಲ್ಲೇನು? ಮನ್ಯಾಗ ಮಂದಿ ಬಂದಾರೇನ್ರಿ?"

ಎರಡೇ ಸಾಕು ಎಂದೆ. ಮನೆಗೆ ಬಂದು, ಎರಡು ರೊಟ್ಟಿಗೆ ಪುಂಡಿಪಲ್ಯ ಹಾಕಿಕೊಂಡು ತಿನ್ನುವಾಗ ಮೊದಲು ನಗು ಬಂತು. ನಕ್ಕು ಮುಗಿದ ಮೇಲೆ ಮನೆ ತೀರಾ ಸುಮ್ಮನಾಯಿತು. ಒಂಟಿತನಕ್ಕೆ ನಾನು ಹೊಂದಿಕೊಂಡಿದ್ದೇನೆ ಎಂದು ನಂಬಿದ್ದೆ. ಖುಷಿಯ ಸುದ್ದಿಯೊಂದು ಕೈಯಲ್ಲಿದ್ದಾಗ ಅದು ಸುಳ್ಳೆಂದು ಗೊತ್ತಾಯಿತು. ದುಃಖವನ್ನಾದರೆ ಒಬ್ಬರೇ ನುಂಗಬಹುದು.

ಡಿಸೆಂಬರ್ ಎರಡನೆಯ ವಾರ ಮಾಸ್ತರರು ಗೇಟಿನ ಕಡೆಗೇ ನೋಡುತ್ತಾ ಒಂದು ವಿಷಯ ಹೇಳಿದರು. ಲೇಡೀಸ್ ಟೈಮಿಗೆ ಬರುತ್ತಿದ್ದ ಉಳಿದ ಮೂವರು ಚಳಿ ಶುರುವಾಗುತ್ತಲೇ ಬಿಟ್ಟಿದ್ದರು. ನಾನೊಬ್ಬಳಿಗಾಗಿ ಮುಕ್ಕಾಲು ಗಂಟೆ ಕೊಳ ಖಾಲಿ ಇಡಲು ಮಾಲೀಕರು ಒಪ್ಪುತ್ತಿಲ್ಲ. ಹೊಸ ತಿಂಗಳಿನಿಂದ ಎಲ್ಲರಿಗೂ ಒಂದೇ ಟೈಮ್. ಒಂದು ಉದ್ದವನ್ನು ಮೂವತ್ತೈದು ಸೆಕೆಂಡಿನೊಳಗೆ ಮುಗಿಸುವವರು ಲೈನಿನಲ್ಲಿ ಈಜಬಹುದು. ಉಳಿದವರು ಸೊಂಟಮಟ್ಟದ ನೀರಿನಲ್ಲಿ, ಸಾಲಿ ಮಕ್ಕಳ ಜೊತೆ.

"ನಿಮ್ಮ ಸಲುವಾಗಿ ಭಾಳ ಹೇಳಿ ನೋಡ್ದೆ ಮೇಡಂ," ಎಂದರು ಬೆನ್ನು ತಿರುಗಿಸಿಕೊಂಡೇ.

ಬೇರೆಯವರಿಗೆ ಇದು ಸಣ್ಣ ವಿಷಯ. ನನಗೆ ಆ ಮುಕ್ಕಾಲು ಗಂಟೆಯೇ ದಿನ, ಉಳಿದದ್ದೆಲ್ಲ ಅದಕ್ಕೆ ಕಾಯುವುದು. ನೀರಿನಲ್ಲಿ ಮಾತ್ರ ನಾನು ಯಾರ ಕನಿಕರಕ್ಕೂ ಸಿಗುತ್ತಿರಲಿಲ್ಲ. ಮಕ್ಕಳ ನಡುವೆ ಸೊಂಟಮಟ್ಟದ ನೀರಿನಲ್ಲಿ ನಿಂತು ಕೈ ಆಡಿಸುವುದಕ್ಕಿಂತ ಬಿಟ್ಟುಬಿಡುವುದೇ ಮೇಲು ಎಂದು ತೀರ್ಮಾನಿಸಿದೆ. ನನ್ನ ಸಿಟ್ಟೇ ಹಾಗೆ, ಪೂರ್ತಿ ಇಲ್ಲವೇ ಏನೂ ಇಲ್ಲ. ಉಳಿದದ್ದು ಇಪ್ಪತ್ತು ದಿನ, ಆರು ಸೆಕೆಂಡು.

ಆರು ಸೆಕೆಂಡು ಎಲ್ಲಿದೆ ಎಂದು ಮಾಸ್ತರರಿಗೆ ಗೊತ್ತಿತ್ತು. "ತಲಿ ಎತ್ತೀರಿ ನೋಡ್ರಿ," ಎನ್ನುವರು ಪ್ರತಿ ಸಲ. "ತಲಿ ಎತ್ತಿದ್ರ ಕಾಲು ಮುಣಗತಾವು. ಮುಣಗಿದ ಕಾಲು ಎಳಕೊಂಡು ಹೋಗೂದಂದ್ರ ಎರಡು ಚೀಲ ಕಟಗೊಂಡು ಹೋದಂಗ. ಮುಖ ನೀರಾಗ ಇಡ್ರಿ, ಉಸುರು ನೀರಾಗ ಬಿಡ್ರಿ, ತಗೊಳಾಕಷ್ಟ ಬಾಜೂಕ ಹೊಳ್ರಿ."

ಇಡಲು ಆಗುತ್ತಿರಲಿಲ್ಲ. ಮುಖ ಇಟ್ಟ ಮೂರನೆಯ ಬೀಸಿಗೆ ಯಾರೋ ಮೇಲಿಂದ ಕರೆದಂತೆ ಅನ್ನಿಸುವುದು, ತಲೆ ತಾನಾಗಿಯೇ ಏಳುವುದು. ಕರೆಯುವವರು ಯಾರೂ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡರೆ ಇನ್ನೂ ಕೆಡುತ್ತಿತ್ತು. ಕರೆಯುವವರು ಇಲ್ಲದಿದ್ದರೆ ನಾನು ಮೇಲೆ ಬರುವುದಾದರೂ ಯಾಕೆ ಎಂಬ ಯೋಚನೆ ಒಂದು ಸಲ ನೀರಿನ ನಡುವೆಯೇ ಬಂತು. ಆ ದಿನ ಹೆದರಿ ಬೇಗ ಮನೆಗೆ ಬಂದೆ.

ಮನೆಯಲ್ಲಿ ದೊಡ್ಡ ಸ್ಟೀಲಿನ ಬೋಗುಣಿಗೆ ನೀರು ತುಂಬಿ, ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಮುಖ ಮುಳುಗಿಸಿ ಉಸಿರು ಬಿಡುವ ಅಭ್ಯಾಸ ಶುರುಮಾಡಿದೆ. ಆ ಹೊತ್ತಿಗೆ ಯಾರಾದರೂ ಬಂದಿದ್ದರೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಿದ್ದರು. ಯಾರೂ ಬರುವುದಿಲ್ಲವಲ್ಲ, ಅದೊಂದು ಅನುಕೂಲ. ಎಷ್ಟು ದಿನ ಮಾಡಿದರೂ ಉಸಿರು ಗಂಟಲಲ್ಲೇ ನಿಲ್ಲುತ್ತಿತ್ತು. ಹದಿನೈದನೆಯ ದಿನವೋ ಏನೋ, ಬೇಸತ್ತು, ನೀರೊಳಗೇ "ಓ" ಎಂದೆ. ಗುಳುಗುಳು ಎಂದು ಉಸಿರೆಲ್ಲ ಹೊರಗೆ ಹೋಯಿತು. ಮುಖ ಮೇಲೆತ್ತಿ ಗಾಳಿ ತೆಗೆದುಕೊಂಡು ಮತ್ತೆ "ಓ" ಎಂದೆ. ಕರೆಯುವ ಮೊದಲೇ ಓ ಎಂದುಬಿಟ್ಟರೆ ಆಯಿತಲ್ಲ, ಅಪ್ಪ! ಆಮೇಲೆ ತಲೆ ಎತ್ತುವ ದರ್ದೇ ಇರಲಿಲ್ಲ. ಬೋಗುಣಿಯ ಮುಂದೆ ನಿಂತು, ಆರು ವರ್ಷದಲ್ಲಿ ಅತ್ತಿರದಷ್ಟು ಅತ್ತೆ.

ತಿಂಗಳ ಕೊನೆಯ ದಿನ ಕೊಳದ ಮೇಲೆ ಮಂಜಿನಂತೆ ಹಬೆ ಆಡುತ್ತಿತ್ತು. ಕೆಂಪು ಕುರ್ಚಿ, ಗೇಟಿನ ಕಡೆ ಮುಖ, ಕೈಯಲ್ಲಿ ಸ್ಟಾಪ್‌ವಾಚ್. "ಇದ ಕಡೀದು ನೋಡ್ರಿ ಮೇಡಂ," ಎಂದರು. ನಾನು "ಹೊಂಟೆ" ಎಂದೆ.

ಮುಖ ಇಟ್ಟೆ. ಕೆಳಗೆ ನೀಲಿ ಟೈಲ್ಸ್ ಮೇಲೆ ಕಪ್ಪು ಗೆರೆ ನೆಟ್ಟಗೆ ಹೋಗುತ್ತಿತ್ತು, ನಾನೂ ಅದರ ಮೇಲೆ ನೆಟ್ಟಗೆ. ಜೋಳ ಬಾಚಿದ ಹಾಗೆ ನೀರು ಬಾಚಿದೆ. ಓ. ಪಕ್ಕಕ್ಕೆ ಹೊರಳಿ ಗಾಳಿ. ಓ. ಕಾಲು ಮೇಲೆ ಬಂದಿದ್ದವು, ಇವು ನನ್ನವೇ ಎಂದು ಸಂಶಯ ಬರುವಷ್ಟು ಹಗುರ. ಬಡಿತವಿಲ್ಲ, ಚಿಮ್ಮುವುದಿಲ್ಲ. ಯಾರೂ ಕರೆದಂತೆ ಅನ್ನಿಸಲಿಲ್ಲ. ಇಪ್ಪತ್ತಮೂರನೆಯ ಬೀಸಿಗೆ ಕೈ ಗೋಡೆಗೆ ತಾಗಿತು. ಬಡಿಯಬೇಕೆಂಬುದು ಮರೆತುಹೋಗಿ ಸುಮ್ಮನೆ ಮುಟ್ಟಿದೆ.

ತಲೆ ಎತ್ತಿದರೆ ನನ್ನ ನೆತ್ತಿಯ ಮೇಲೇ, ದಂಡೆಯಲ್ಲಿ, ಮಾಸ್ತರರು ಬಾಗಿ ನಿಂತಿದ್ದಾರೆ. ಮುಖ ಬಿಳಿಚಿದೆ. ಅಂಗಿಯ ಗುಂಡಿ ಅರ್ಧ ಬಿಚ್ಚಿದೆ. ಒಂದು ಕಾಲಲ್ಲಿ ಚಪ್ಪಲಿ ಇಲ್ಲ, ಅದು ಕೊಳದ ನಡುವೆ ತೇಲುತ್ತಿದೆ.

"ಮೇಡಂ, ಮೇಡಂ ಅಂತ ಮೂರು ಸಲ ಒದರಿದ್ನಲ್ರಿ!" ಎಂದರು. ಏದುಸಿರು ಬಿಡುತ್ತಿದ್ದರು. "ಓ ಅನ್ನಾಕ ಏನಾಗಿತ್ರಿ ನಿಮಗ?"

ನಾನು ಗೋಡೆ ಹಿಡಿದುಕೊಂಡು ಕಣ್ಣಿನ ನೀರು ಒರೆಸಿಕೊಂಡೆ.

"ಸಪ್ಪಳನ ಇಲ್ಲರಿ! ಮುಣಗಿದ್ರು ಅಂತ ತಿಳದೆ. ಹೊಳ್ಳಿ ನೋಡಿದ್ರ ತಲೀನೂ ಕಾಣವಲ್ದು. ಇನ್ನೇನ ಹಾರಾಂವ ಇದ್ದೆ."

"ಎಷ್ಟಾತ್ರಿ?" ಎಂದು ಕೇಳಿದೆ, ಬೇರೇನೂ ತೋಚದೆ.

ಅವರು ಕೈಯಲ್ಲಿದ್ದ ಸ್ಟಾಪ್‌ವಾಚ್ ನೋಡಿಕೊಂಡರು. ಅದು ಇನ್ನೂ ಓಡುತ್ತಿತ್ತು. "ಒತ್ತೂದ ಮರತೆ," ಎಂದರು. ಅದನ್ನು ಒತ್ತಿ ನಿಲ್ಲಿಸಿ ಜೇಬಿಗೆ ಹಾಕಿಕೊಂಡರು. "ಸಪ್ಪಳಿಲ್ದಂಗ ಬಂದೀರಂದ ಮ್ಯಾಲ ಟೈಮ್ ಯಾತಕ್ರಿ? ನಾಳಿಂದ ಎರಡನೇ ಲೈನಿಗೆ ಬರ್ರಿ. ಮಾಲಕ್ರಿಗೆ ನಾ ಹೇಳ್ತೀನಿ."

ತಾವು ನನ್ನ ಕಡೆ ನೋಡುತ್ತಿರುವುದು ಆಗಷ್ಟೇ ಅವರಿಗೆ ಅರಿವಾಯಿತು. ನಾಚಿ ಗಡಬಡಿಸಿ ತಿರುಗಿ, ಒಂದೇ ಚಪ್ಪಲಿಯಲ್ಲಿ ಕುಂಟುತ್ತಾ ಹೋಗಿ ಕುರ್ಚಿಯ ಮೇಲೆ ಬೆನ್ನು ಮಾಡಿ ಕೂತರು. ನಾನು ಕೊಳದ ನಡುವೆ ಹೋಗಿ ಚಪ್ಪಲಿ ಹಿಡಿದು ತಂದು ದಂಡೆಯ ಮೇಲಿಟ್ಟೆ. ಕಟ್ಟೆಗೆ ಗದ್ದ ಊರಿಕೊಂಡು ಆ ಬೆನ್ನನ್ನೇ ನೋಡುತ್ತಾ ನಿಂತೆ.

"ಓ" ಎಂದೆ.

ಅವರು ತಿರುಗಲಿಲ್ಲ. "ಹಾಂ, ಈಗ ಅಂತೀರಿ ನೋಡ್ರಿ" ಎಂದರು.